ಹೆಬ್ಬೆರಳಿಲ್ಲದ ಚಿತ್ರ

ನಮ್ಮಪ್ಪನ ಬಲಗೈಗೆ ಐದು ಬೆರಳಿವೆ. ಎಡಗೈಗೂ ಐದೇ. ಸುಣ್ಣದ ನೀರು ಉಗುರುಗಳನ್ನು ತಿಂದುಹಾಕಿದೆ. ಚರ್ಮ ಬಿರಿದು ಮರದ ತೊಗಟೆಯಂತಾಗಿದೆ. ಆದರೆ ಬೆರಳುಗಳು ಮಾತ್ರ ಎಲ್ಲವೂ ಇವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಟೋಕಿಯೋದ ಜನ ಅವನು ನಾಲ್ಕು ಬೆರಳು ಎತ್ತಿ ಹಲ್ಲುಗಿಂಜುವ ಚಿತ್ರವನ್ನು ಕೊಂಡು, ಗೋಡೆಗೆ ಅಂಟಿಸಿಕೊಂಡು, ಊಟ ಮಾಡುತ್ತ ನಕ್ಕಿದ್ದಾರೆ.

ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಉಳಿದ ನಾಲ್ಕನ್ನು ಎತ್ತಿದರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ. ನಾಲ್ಕು ಕಾಲು. ದನದ ತೊಗಲು ಸುಲಿಯುವವರು, ಅದಕ್ಕೇ ದನದಂಥವರು. ಬಾಯಿಬಿಟ್ಟು ಬೈಯಲು ನಾಚುವ ಸಭ್ಯರು ಬೆರಳಿನಲ್ಲಿ ಬೈಯುತ್ತಾರೆ. ಬಾಯಿ ಶುದ್ಧವಾಗಿ ಉಳಿಯುತ್ತದೆ.

ಅಪ್ಪನ ಹೆಸರು ಗೆನ್ಪಾಚಿ. ನಾನು ಅವನ ಮಗಳು, ಇಸೋ. ನಾವು ಅಂಟು ಕಾಯಿಸುವವರು. ಸುಮಿದಾ ನದಿಯ ಮೇಲಣ ದಂಡೆಯಲ್ಲಿ, ಹೆಂಚು ಸುಡುವ ಭಟ್ಟಿಗಳ ಆಚೆ ನಮ್ಮ ಕೇರಿ. ಗಾಳಿ ತಿರುಗಿದ ದಿನ ಕೆಳದಂಡೆಯ ಅಸಾಕುಸ ಪೇಟೆಯ ಜನ ಮೂಗು ಮುಚ್ಚಿಕೊಂಡು ನಮ್ಮನ್ನು ನೆನೆಯುತ್ತಾರೆ. ಬೇರೆ ದಿನ ನೆನೆಯುವುದಿಲ್ಲ.

ಅಂಟು ಸುಮ್ಮನೆ ಆಗುವುದಿಲ್ಲ. ಹಸಿ ತೊಗಲಿನ ಚೂರುಗಳನ್ನು ಸುಣ್ಣದ ಗುಂಡಿಯಲ್ಲಿ ನೆನೆಹಾಕಬೇಕು. ತೊಡೆಮಟ್ಟ ಇಳಿದು ತುಳಿಯಬೇಕು. ಕೂದಲು ಹೆರೆಯಬೇಕು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಹೊಳೆಗೆ ಹೊತ್ತುಕೊಂಡು ಹೋಗಿ ತೊಳೆಯಬೇಕು. ಆಮೇಲೆ ಕಡಾಯಿ, ಇಡೀ ದಿನ ಕುದಿ. ಸೋಸಿ, ತಟ್ಟೆಗೆ ಹೊಯ್ದು, ಗಟ್ಟಿಯಾದ ಮೇಲೆ ಕಡ್ಡಿಗಳಾಗಿ ಕೊಯ್ದು ಚಾಪೆಯ ಮೇಲೆ ಹರವಬೇಕು. ಒಣಗಿದರೆ ಜೇನಿನ ಬಣ್ಣ. ಅದನ್ನು ಕೊಂಡವನ ಕೈಗೆ ವಾಸನೆಯೂ ಹತ್ತುವುದಿಲ್ಲ, ನಾವೂ ಹತ್ತುವುದಿಲ್ಲ.

ಈ ಅಂಟಿಲ್ಲದೆ ಬಣ್ಣದ ಅಚ್ಚಿನ ಚಿತ್ರವಿಲ್ಲ. ಅಂಟಿಗೆ ಪಟಿಕ ಬೆರೆಸಿ ಕಾಗದಕ್ಕೆ ಬಳಿಯದಿದ್ದರೆ, ಮರದ ಅಚ್ಚಿನ ಮೇಲೆ ಹಾಕಿ ತಿಕ್ಕಿದ ಕೂಡಲೇ ಬಣ್ಣ ಹರಡುತ್ತದೆ. ಸುಂದರಿಯ ತುಟಿ ಗದ್ದಕ್ಕೆ ಇಳಿಯುತ್ತದೆ. ಬಣ್ಣ ಹಚ್ಚುವ ಕುಂಚ ಕುದುರೆಯ ಕೂದಲಿನದು. ಆ ಕೂದಲು ಕತ್ತರಿಸುವವರೂ ನಮ್ಮ ಕೇರಿಯವರೇ. ಹೂವು, ಹಿಮ, ಚಂದ್ರ, ನಟ, ವೇಶ್ಯೆ, ಏನನ್ನಾದರೂ ಬರೆಯಲಿ, ಅದರ ಕೆಳಗೆ ನಾವು ತುಳಿದ ತೊಗಲಿದೆ.

ನಾವು ಅಂಟು ಕೊಡುತ್ತಿದ್ದದ್ದು ಕುಜಿರಾಯಾ ಎಂಬ ಚಿತ್ರದಂಗಡಿಗೆ. ಧಣಿಯ ಹೆಸರು ದೆನ್ಜೋ. ಮುಂದೆ ಮಾರಾಟ, ಹಿಂದೆ ಅಚ್ಚಿನ ಮನೆ, ಅದರ ಹಿಂದೆ ಚರಂಡಿ. ನಾವು ಚರಂಡಿಯ ಆಚೆ ನಿಲ್ಲಬೇಕು. ಅವರು ಉದ್ದನೆಯ ಬಿದಿರಿನ ತುದಿಗೆ ಬುಟ್ಟಿ ಕಟ್ಟಿ ಚಾಚುತ್ತಿದ್ದರು. ನಾವು ಅದರಲ್ಲಿ ಅಂಟು ಹಾಕುತ್ತಿದ್ದೆವು. ಮಳೆಯಿರಲಿ ಹಿಮವಿರಲಿ, ಆ ಬಿದಿರು ಒಂದು ಗೇಣೂ ಮೋಟಾಗಲಿಲ್ಲ.

ಮೇಜಿ ಚಕ್ರವರ್ತಿಯ ಆಳ್ವಿಕೆಯ ನಾಲ್ಕನೆಯ ವರ್ಷ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಹಳೆಯ ಹೊಲಸು ಹೆಸರುಗಳೆಲ್ಲ ರದ್ದು, ಇನ್ನು ಎಲ್ಲರೂ ಸಮಾನ ಪ್ರಜೆಗಳು. ಅದನ್ನು ಕೇಳಿ ಅಪ್ಪ ಅತ್ತ. ಮರುದಿನವೇ ಊರು ನಮಗೆ ಹೊಸ ಹೆಸರಿಟ್ಟಿತು: ಹೊಸ ಪ್ರಜೆ. ಅವರು ಬರೀ ಪ್ರಜೆ, ನಾವು ಹೊಸ ಪ್ರಜೆ. ಚರಂಡಿ ಇದ್ದಲ್ಲೇ ಇತ್ತು.

ಆದರೆ ಇನ್ನೊಂದು ಬದಲಾಯಿತು. ದನದ ಮಾಂಸ ತಿನ್ನುವುದು ನಾಗರಿಕತೆಯಾಯಿತು. ನಿನ್ನೆಯ ತನಕ ಬುದ್ಧನ ಹೆಸರು ಹೇಳಿ ಮೂಗು ಮುರಿಯುತ್ತಿದ್ದವರು ಜುಟ್ಟು ಕತ್ತರಿಸಿಕೊಂಡರು. ಬೋಗುಣಿಯಂಥ ಟೋಪಿ ಹಾಕಿಕೊಂಡರು. ಈರುಳ್ಳಿ ಹಾಕಿ ಕುದಿಸಿದ ದನದ ಬಾಡು ತಿಂದು, ತುಟಿ ಒರೆಸಿಕೊಂಡು, ತಾವು ಪಶ್ಚಿಮದವರ ಸಮಕ್ಕೆ ಬಂದೆವು ಎಂದರು. ತಿಂದವನು ನಾಗರಿಕ. ಕೊಯ್ದು ಕೊಟ್ಟವನು ನಾಲ್ಕು ಕಾಲು.

ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ನಾನು ಉಗಿದೆ.

ಮೇಜಿ ಎಂಟನೆಯ ವರ್ಷದ ಮಳೆಗಾಲದಲ್ಲಿ ನಾನು ಚರಂಡಿ ದಾಟಿದೆ. ನನಗಾಗ ಇಪ್ಪತ್ತಾರು. ಗಂಡ ಜ್ವರದಲ್ಲಿ ಸತ್ತು ಎರಡು ವರ್ಷವಾಗಿತ್ತು. ಅಂಟು ಕೊಡಲು ಹೋದಾಗ ಉಮೆಕಿಚಿ ಹೊರಗೆ ಬಂದ. ಅಚ್ಚು ತಿಕ್ಕುವವರಲ್ಲಿ ಅವನೇ ಹಿರಿಯ. ಕೈಯಲ್ಲಿ ಬಣ್ಣ ಹರಡಿ ಕೆಟ್ಟ ಹಾಳೆ ಹಿಡಿದಿದ್ದ.

"ಏ ಅಂಟಿನವಳೇ, ನಿಮ್ಮ ಸರಕು ಕೆಟ್ಟಿದೆ. ನೋಡು, ಬಣ್ಣ ಹೆಂಗೆ ಓಡಾಡ್ತಿದೆ."

"ಅಂಟು ಕೆಟ್ಟಿಲ್ಲ. ಮಳೆಗಾಲ್ದಾಗೆ ಬ್ಯಾಸಿಗೆ ಅಳತೇಲಿ ಕಲಸವ್ರೆ. ಪಟಿಕ ಜಾಸ್ತಿ ಆಗೈತೆ, ಅಂಟು ಸಾಲ್ದು."

"ನಿಂಗೇನು ಗೊತ್ತು?"

"ನಾಲಿಗೆಗೆ ಹಚ್ಚಿ ನೋಡಿ. ಒಗರು ಹೊಡೀತದೆ."

ಅವನು ಸುತ್ತ ನೋಡಿದ. ಯಾರೂ ಇರಲಿಲ್ಲ. ಹಾಳೆಯ ಮೂಲೆಯನ್ನು ನಾಲಿಗೆಗೆ ಮುಟ್ಟಿಸಿದ. ಮುಖ ಕಿವುಚಿದ.

ಕಾಗದಕ್ಕೆ ಅಂಟು ಬಳಿಯುತ್ತಿದ್ದ ಮುದುಕ ಆ ತಿಂಗಳು ಕುಡಿದು ಬಿದ್ದು ಸೊಂಟ ಮುರಿದುಕೊಂಡ. ಉಮೆಕಿಚಿ ಧಣಿಗೆ ನನ್ನ ಮಾತು ಹೇಳಿದ. ದೆನ್ಜೋ ಒಪ್ಪಿದ. ದೊಡ್ಡ ಮನಸ್ಸಿನಿಂದಲ್ಲ. ಅವನಿಗೆ ಹೊಸ ಟೋಪಿ ಹೇಗೋ ನಾನೂ ಹಾಗೆ. ಊರಿಗೆ ತೋರಿಸಲು ಬೇಕಾಗಿದ್ದೆ.

ಅಚ್ಚಿನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ನನ್ನ ಕೆಲಸ. ಅಂಟು, ಪಟಿಕ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಅಗಲ ಕುಂಚದಿಂದ ಒಂದೇ ಎಳೆತಕ್ಕೆ ಹಾಳೆಗೆ ಬಳಿಯಬೇಕು. ಕೈ ನಡುವೆ ನಿಂತರೆ ಗೆರೆ ಬೀಳುತ್ತದೆ. ಹಗ್ಗಕ್ಕೆ ತೂಗುಹಾಕಿ ಒಣಗಿಸಿ, ಮತ್ತೆ ಹಿಂಬದಿಗೆ. ದಿನಕ್ಕೆ ನಾನ್ನೂರು ಹಾಳೆ. ಪಟಿಕ ಕೈಯ ಬಿರುಕುಗಳಿಗೆ ಇಳಿದು ಸುಡುತ್ತಿತ್ತು. ಭುಜ ಎತ್ತಲು ಬರುತ್ತಿರಲಿಲ್ಲ. ಬಾವಿಯ ಹಗ್ಗ ನಾನು ಮುಟ್ಟುವಂತಿಲ್ಲ. ಯಾರಾದರೂ ಸೇದಿ ಹೊಯ್ಯಬೇಕು. ಯಾರೂ ಸಿಗದಿದ್ದರೆ ಬಾಯಾರಿಕೊಂಡು ಕೂರಬೇಕು.

ದೆನ್ಜೋ ಅತಿಥಿಗಳನ್ನು ಕರೆತಂದು ದೂರದಿಂದ ನನ್ನನ್ನು ತೋರಿಸುತ್ತಿದ್ದ.

"ನೋಡಿ, ಹೊಸ ಪ್ರಜೆ! ನಮ್ಮಲ್ಲೇ ಕೆಲಸಕ್ಕಿದ್ದಾಳೆ. ನಾವು ಮುಂದುವರಿದವರು, ಸ್ವಾಮಿ!"

ಅವರು ಕತ್ತು ಚಾಚಿ, ಜಾತ್ರೆಗೆ ತಂದ ಹುಲಿಯನ್ನು ನೋಡುವಂತೆ ನೋಡುತ್ತಿದ್ದರು. ಒಬ್ಬನೂ ಕೊಟ್ಟಿಗೆಯ ಹೊಸ್ತಿಲಿಗೆ ಬರಲಿಲ್ಲ.

ಮರುವರ್ಷದ ವಸಂತದಲ್ಲಿ ದೆನ್ಜೋಗೆ ದೊಡ್ಡ ಹುಚ್ಚು ಹಿಡಿಯಿತು. ಮೂರು ಹಾಳೆ ಜೋಡಿಸಿದ ಚಿತ್ರ. 'ನಾಗರಿಕತೆಯ ಹೊಸ ಬೆಳಕು' ಎಂದು ಹೆಸರು. ಗ್ಯಾಸಿನ ದೀಪ, ಹೊಗೆ ಬಿಡುವ ರೈಲು, ನಡುವೆ ಕುದಿಯುವ ಬಾಡಿನ ಪಾತ್ರೆ. ಅದರ ಸುತ್ತ ಸಮುರಾಯ್, ರೈತ, ಬಡಗಿ, ವ್ಯಾಪಾರಿ. ಜೊತೆಗೆ ಒಬ್ಬ ಹೊಸ ಪ್ರಜೆ. ಎಲ್ಲರಿಗೂ ಒಂದೇ ಒಲೆ.

"ನಿಮ್ಮಪ್ಪನ್ನೇ ಬರೆಸೋಣ," ಎಂದ ದೆನ್ಜೋ ದೂರದಿಂದಲೇ. "ಚಿತ್ರಕಾರ ಹೋಸಾಯಿ ಅವರನ್ನ ನಿಮ್ಮ ಕೇರಿಗೇ ಕಳಿಸ್ತೀನಿ. ನಿಮ್ಮ ಪುಣ್ಯ ಕಣೇ!"

ಅಪ್ಪನಿಗೆ ಹೇಳಿದೆ. ಅವನು ಹೆರೆಯುವ ಕತ್ತಿ ಕೆಳಗಿಟ್ಟ.

"ನನ್ನನ್ನ? ಚಿತ್ರದಾಗೆ? ಎಲ್ರ ಜೊತೆ ಕುಂಡ್ರಿಸಿ?"

ಮೂರು ದಿನ ಅವನು ಕೈ ತಿಕ್ಕಿದ. ಹೊಟ್ಟು ಹಾಕಿ ತಿಕ್ಕಿದ, ಬೂದಿ ಹಾಕಿ ತಿಕ್ಕಿದ, ರಕ್ತ ಬರುವವರೆಗೆ ತಿಕ್ಕಿದ. ಅಮ್ಮ ಸತ್ತಾಗ ತೊಟ್ಟಿದ್ದ ಕಪ್ಪು ಬಟ್ಟೆಯನ್ನು ಒಗೆದು ತೊಟ್ಟ. ಹೋಸಾಯಿ ಬಂದ. ರೇಷ್ಮೆಯ ಕರವಸ್ತ್ರ ಮೂಗಿಗೆ ಹಿಡಿದಿದ್ದ. ಗಾಳಿ ಬರುವ ಕಡೆಗೆ ಕೂತ. ಅಪ್ಪ ಬೆನ್ನು ನೇರ ಮಾಡಿ, ಎರಡೂ ಕೈ ಮೊಣಕಾಲಿನ ಮೇಲಿಟ್ಟು, ಉಸಿರೂ ಎತ್ತದೆ ಕೂತ. ಊದುಬತ್ತಿಯೊಂದು ಉರಿದು ಮುಗಿಯುವಷ್ಟರಲ್ಲಿ ಹೋಸಾಯಿ ಎದ್ದ.

"ಸಾಕು, ಸಾಕು. ಉಳಿದದ್ದು ನನ್ನ ತಲೆಯಲ್ಲಿದೆ."

ಅವನ ತಲೆಯಲ್ಲಿ ಏನಿತ್ತು ಎಂಬುದು ತಿಂಗಳ ಮೇಲೆ ಗೊತ್ತಾಯಿತು.

ಮೊದಲ ಇನ್ನೂರು ಪ್ರತಿಗೆ ಕಾಗದ ಬಳಿದವಳು ನಾನೇ. ಅಪ್ಪನ ಚಿತ್ರಕ್ಕೆ ಎಂದು ಒಂದು ಪಾಲು ಹೆಚ್ಚು ಜತನದಿಂದ ಬಳಿದಿದ್ದೆ. ಅವು ಎರಡೇ ದಿನದಲ್ಲಿ ಖರ್ಚಾದವು. ಅಂಗಡಿಯ ಮುಂದೆ ಜನ ಮುಗಿಬಿದ್ದು ನಗುತ್ತಿದ್ದಾರೆ ಎಂದು ಕೇಳಿದೆ. ದನದ ಬಾಡಿನ ಚಿತ್ರದಲ್ಲಿ ಅಷ್ಟು ನಗುವಂಥದ್ದೇನಿದೆ? ಮೂರನೆಯ ದಿನ ದೆನ್ಜೋ ಇನ್ನೂ ಸಾವಿರ ಪ್ರತಿಗೆ ಕಾಗದ ತರಿಸಿ ಕೊಟ್ಟಿಗೆಗೆ ಹಾಕಿಸಿದ. ನಾನು ಅಚ್ಚಿನ ಮನೆಯ ಬಾಗಿಲಿಗೆ ಹೋಗಿ, ಬಿಸಾಡಿದ ಹಾಳೆಗಳಿಂದ ಒಂದನ್ನು ಎತ್ತಿಕೊಂಡೆ.

ಎಡ ತುದಿಯಲ್ಲಿ ಒಂದು ಕೋತಿ ಕೂತಿತ್ತು. ಬೆನ್ನು ಬಾಗಿತ್ತು. ಹಲ್ಲು ಹೊರಗೆ ಬಂದಿತ್ತು. ಆದರೆ ಹುಬ್ಬು ಅಪ್ಪನದು, ಕಿವಿ ಅಪ್ಪನದು, ಆ ಕಪ್ಪು ಬಟ್ಟೆಯೂ ಅಪ್ಪನದು. ಬಲಗೈ ಎತ್ತಿತ್ತು. ನಾಲ್ಕು ಬೆರಳು.

ಅಚ್ಚು ತಿಕ್ಕುವವರು ನನ್ನನ್ನು ಕಂಡು ಕೆಲಸ ನಿಲ್ಲಿಸಿದರು. ಒಬ್ಬ ಕಿಸಕ್ಕೆಂದ. ಉಮೆಕಿಚಿ ತಲೆ ಎತ್ತಲಿಲ್ಲ.

"ಉಮೆಕಿಚಿಯಪ್ಪ, ಇದು ನೀವು ನೋಡಿರ್ಲಿಲ್ವಾ?"

"ನಾನು ತಿಕ್ಕೋನು ತಾಯಿ. ಬರೆಯೋನಲ್ಲ."

"ಸರಿ ಮಾಡಾಕೆ ಆಗಾಕಿಲ್ವಾ?"

"ಯಾಕಾಗಲ್ಲ. ಅಚ್ಚಲ್ಲಿ ಒಂದು ಚೂರು ಮರ ಕೂರಿಸಿ ಹೆಬ್ಬೆರಳು ಕೆತ್ತಿದರೆ ಆಯ್ತು. ಅರ್ಧ ದಿನದ ಕೆಲಸ. ಧಣಿ ಹೇಳಬೇಕು."

ಇನ್ನೂರು ಪ್ರತಿ ತಿಕ್ಕಿದ ಕೈ ಅದು. ಒಳ್ಳೆಯವನು ಉಮೆಕಿಚಿ. ಒಳ್ಳೆಯವರಿಂದ ಆಗುವುದು ಅಷ್ಟೇ.

ನಾನು ಅಂಗಳ ದಾಟಿ ಅಂಗಡಿಗೆ ನುಗ್ಗಿದೆ. ಹೋಸಾಯಿ ಅಲ್ಲೇ ಇದ್ದ, ಟೀ ಕುಡಿಯುತ್ತಿದ್ದ. ದೆನ್ಜೋ ಹೌಹಾರಿ ಎದ್ದ.

"ಏಯ್, ಏಯ್! ಮುಂಬಾಗಿಲಿಗೆ ಯಾಕೆ ಬಂದೆ? ಗಿರಾಕಿಗಳಿದ್ದಾರೆ!"

"ನಮ್ಮಪ್ಪನ ಹೆಬ್ಬೆರಳೆಲ್ಲಿ?"

ಹೋಸಾಯಿ ಹಾಳೆ ನೋಡಿ ಮುಗುಳ್ನಕ್ಕ. "ಇದೆಯಲ್ಲಮ್ಮ, ಅಂಗೈಯೊಳಗೆ ಮಡಚಿದೆ. ಕಲೆ ನೋಡೋ ಕಣ್ಣು ಬೇಕು."

"ಅಪ್ಪ ಕೈನ ಮೊಣಕಾಲ ಮ್ಯಾಲಿಟ್ಟು ಕುಂತಿದ್ದ. ನೀವೇ ನೋಡೀರಿ."

"ಮೊಣಕಾಲ ಮೇಲಿನ ಕೈಯನ್ನ ಯಾರು ಕೊಳ್ತಾರೆ?"

ಅಂಗಡಿಯಲ್ಲಿದ್ದವರು ನಕ್ಕರು. ದೆನ್ಜೋಗೆ ಧೈರ್ಯ ಬಂತು.

"ಏನೋ ತಮಾಷೆ ಕಣೇ. ಇಷ್ಟಕ್ಕೆಲ್ಲ ಮುನಿಸಾ? ಎಲ್ಲರ ಜೊತೆ ಒಂದೇ ಒಲೆಗೆ ಕೂರಿಸಿದ್ದೀನಿ. ನಿಮ್ಮ ತಾತ ಮುತ್ತಾತ ಕನಸಲ್ಲಾದರೂ ಕಂಡಿದ್ರಾ? ಹೋಗು, ಸಾವಿರ ಪ್ರತಿಯ ಕಾಗದ ಬಿದ್ದಿದೆ. ಬಳಿ."

"ಬಳಿಯಾಕಿಲ್ಲ."

"ಏನಂದೆ?"

"ಬಳಿಯಾಕಿಲ್ಲ. ಹೆಬ್ಬೆರಳು ಬರೋವರ್ಗೂ ಒಂದು ಹಾಳೇನೂ ಬಳಿಯಾಕಿಲ್ಲ. ಆ ಅಚ್ಚು ಮುರೀರಿ, ಇಲ್ಲಾ ಸರಿ ಮಾಡ್ರಿ."

ಅವನ ಕತ್ತು ಕೆಂಪಾಯಿತು. ನಾಗರಿಕತೆಯ ಬಣ್ಣ ಬೇಗ ಹರಡುತ್ತದೆ, ಅದಕ್ಕೆ ಅಂಟು ಬಳಿದಿರುವುದಿಲ್ಲ. "ತೊಲಗು! ಯಾರಲ್ಲಿ, ಉಪ್ಪು ತಗೊಂಡು ಬನ್ನಿ! ಹೊಸ್ತಿಲೆಲ್ಲ ಮೈಲಿಗೆ ಮಾಡಿದಳು!"

ಮೈಲಿಗೆ ಕಳೆಯಲು ಹಿಡಿ ಹಿಡಿ ಉಪ್ಪು ತಂದರು. ನಾನು ನಿಂತಿದ್ದ ಕಡೆ ಎಸೆದರು. ಸ್ವಲ್ಪ ನನ್ನ ಕಣ್ಣಿಗೂ ಬಿತ್ತು.

"ಇಷ್ಟೇ ಸಾಕಾ?" ಎಂದೆ. "ನೀವು ಮಾರಿದ ಒಂದೊಂದು ಹಾಳೆ ಮ್ಯಾಲೂ ಹಾಕ್ರಿ. ಎಲ್ಲಾದ್ಕೂ ನಾನೇ ಬಳಿದಿರೋದು. ನಿಮ್ಮ ಬಾಯೊಳಕ್ಕೂ ಹಾಕ್ಕಳ್ರಿ. ನಿನ್ನೆ ತಿಂದ ಬಾಡು ಕೊಯ್ದೋನು ನಮ್ಮ ಚಿಕ್ಕಪ್ಪ."

ಟೋಪಿ ಹಾಕಿಕೊಂಡ ಗಿರಾಕಿಯೊಬ್ಬ ಹಾಳೆಯನ್ನು ಕೈಬಿಟ್ಟ. ಬೆರಳುಗಳನ್ನು ಮೂಸಿ ನೋಡಿಕೊಂಡ. ಅಷ್ಟು ನೋಡಿ ನಾನು ಹೊರಟೆ.

ಅಪ್ಪನಿಗೆ ಹಾಳೆ ತೋರಿಸಬಾರದೆಂದಿದ್ದೆ. ಅವನೇ ಕೇಳಿದ. ತೋರಿಸಿದೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಅವಸರದಾಗೆ ಬರೆದಿರಬೇಕು," ಎಂದ.

"ಅಪ್ಪ."

"ಕಣ್ಣು ಮಂಜಿರಬೇಕು, ಪಾಪ."

ಹಾಳೆಯನ್ನು ಕೆಳಗಿಟ್ಟ. ಮೂಲೆಯಲ್ಲಿ ಕೂತು ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಟ್ಟುಕೊಂಡ. ನಾನು ಇಟ್ಟ ಕಿರುಧಾನ್ಯದ ಗಂಜಿ ಹಾಗೇ ಆರಿತು. ಬೈದವರ ಮೇಲೆ ನನಗೆ ಸಿಟ್ಟಿತ್ತು. ಅವನ ಆ ಮುಚ್ಚಿಟ್ಟ ಕೈ ನೋಡಿದ ಮೇಲೆ ಅದು ಸಿಟ್ಟಾಗಿ ಉಳಿಯಲಿಲ್ಲ. ಹೇಸಿಗೆಯಾಯಿತು. ಕಾಲಿಗೆ ಮೆತ್ತಿದ್ದನ್ನು ನೋಡಿದಾಗ ಆಗುತ್ತದಲ್ಲ, ಅಂಥದ್ದು.

ಮರುದಿನ ಕೇರಿ ಸೇರಿತು. ಹಾಳೆ ಕೈಯಿಂದ ಕೈಗೆ ಹೋಯಿತು. ಕುಂಚಕ್ಕೆ ಕುದುರೆಯ ಕೂದಲು ಕತ್ತರಿಸುವ ಕುಮಾ ಅತ್ತೆ ಅದನ್ನು ನೋಡಿ ನೆಲಕ್ಕೆ ಉಗಿದಳು.

"ಇವರ ಬೆಳಕಿಗೆ ಬೆಂಕಿ ಹಾಕ. ಅಂಟು ನಿಲ್ಸಿ. ಕೂದ್ಲು ನಾನು ನಿಲ್ಸ್ತೀನಿ."

"ಹೊಟ್ಟೆಗೇನು ತಿನ್ನಾಣ?" ಎಂದರು ಕೆಲವರು.

"ಇಷ್ಟು ದಿನ ಏನು ತಿಂದ್ರಿ? ಹಬ್ಬದಡಿಗೇನಾ?"

"ಒಂದು ಬೆರಳಿಗೋಸ್ಕರ..."

"ಒಂದು ಬೆರಳು ಕಣಪ್ಪ. ನಿಂದು ಕೊಡು, ಕತ್ತರಿಸ್ತೀನಿ. ಕತ್ರಿ ನನ್ನ ತಾವೇ ಐತೆ."

ನಕ್ಕರು. ಜಗಳವಾಡಿದರು. ಎಲ್ಲರೂ ಒಪ್ಪಲಿಲ್ಲ. ಎರಡು ಮನೆಯವರು ಕದ್ದು ಮಾರಿದರು, ಅದು ನನಗೆ ಗೊತ್ತು, ಅವರ ಹೆಸರು ಹೇಳುವುದಿಲ್ಲ. ಉಳಿದ ಮನೆಗಳ ಅಂಟು ಒಳಗೇ ಉಳಿಯಿತು. ಊರಿನ ದಲ್ಲಾಳಿಗಳ ಹತ್ತಿರ ಇದ್ದದ್ದು ತೀರಿತು. ದೂರದ ಹರಿಮಾ ಸೀಮೆಯಿಂದ ಹಡಗಿನಲ್ಲಿ ಬರಬೇಕಾದರೆ ದಿನಗಳು ಬೇಕು. ಮಳೆಗಾಲ ಬಂತು. ಅಂಟು ಬೂಸಲು ಹಿಡಿಯುವ ಕಾಲ, ಕಾಗದ ತೇವ ಕುಡಿಯುವ ಕಾಲ. ನಾವು ದಿನಕ್ಕೊಂದು ಹೊತ್ತು ಉಂಡೆವು. ಅತ್ತ ಕುಜಿರಾಯಾದಲ್ಲಿ ಅಕ್ಕಿಯ ಗಂಜಿ ಬಳಿದು ನೋಡಿದರಂತೆ. ರೈಲಿನ ಹೊಗೆ ಸಮುರಾಯನ ಮುಖಕ್ಕೆ ಹರಿಯಿತಂತೆ. ಕೇಳಿ ಕುಮಾ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇಪ್ಪತ್ತನಾಲ್ಕನೆಯ ದಿನ ದೆನ್ಜೋ ತಾನೇ ಬಂದ.

ಜೋರು ಮಳೆ. ಸೇತುವೆ ದಾಟಿ, ನಮ್ಮ ಕೇರಿಯ ಕೆಸರಲ್ಲಿ, ಪಶ್ಚಿಮದ ಬೂಟು ಹಾಕಿಕೊಂಡು. ಉಮೆಕಿಚಿ ಹಿಂದೆ ಕೊಡೆ ಹಿಡಿದಿದ್ದ. ಹೆಂಗಸರು ಹೆರೆಯುವ ಕತ್ತಿ ಹಿಡಿದುಕೊಂಡೇ ಬಾಗಿಲುಗಳಲ್ಲಿ ನಿಂತರು. ಅಪ್ಪ ನಮ್ಮ ಮಾಡಿನ ಕೆಳಗೆ ಕೂತಿದ್ದ, ಏಳಲಿಲ್ಲ. ಅವನು ಏಳದೆ ಇದ್ದದ್ದನ್ನು ನಾನು ಹುಟ್ಟಿದ ಮೇಲೆ ಅದೇ ಮೊದಲು ನೋಡಿದ್ದು.

"ಒಳಾಕೆ ಬನ್ನಿ," ಎಂದ ಅಪ್ಪ. "ನೆನೀತೀರಿ."

"ಇರಲಿ, ಇರಲಿ. ಇಲ್ಲೇ ಆರಾಮ."

ದೆನ್ಜೋ ಸುಮ್ಮನೆ ನಿಲ್ಲಲಾರದೆ ಸೊಂಟದಿಂದ ಚಿಲುಮೆ ತೆಗೆದ, ತಂಬಾಕು ತುಂಬಿದ. ಅಪ್ಪ ಕೆಂಡದ ಮಡಕೆಯನ್ನು ಮುಂದೆ ಸರಿಸಿದ. ದೆನ್ಜೋ ಕೆಂಡ ನೋಡಿದ. ನಮ್ಮ ಬೆಂಕಿ ಅದು. ನಮ್ಮ ಬೆಂಕಿಯಿಂದ ಅವರು ಚಿಲುಮೆ ಹೊತ್ತಿಸುವುದಿಲ್ಲ.

"ತಂಬಾಕು ನೆನೆದಿದೆ," ಎಂದು ಚಿಲುಮೆಯನ್ನು ಒಳಗಿಟ್ಟ. ಕುಮಾ ಅತ್ತೆ ಎದುರು ಮನೆಯಿಂದ ಕೂಗಿದಳು, "ಒಣಗಿಸಿ ಕೊಡಾಣೇನ್ರೀ?"

ಅವನು ಕೇಳಿಸದವನಂತೆ ಎದೆಯೊಳಗಿಂದ ಎಣ್ಣೆಕಾಗದ ತೆಗೆದು ಬಿಚ್ಚಿದ. "ನೋಡಯ್ಯ, ಅಚ್ಚು ತಿದ್ದಿಸಿದ್ದೀನಿ. ಹೆಬ್ಬೆರಳು ಕೂರಿಸಿಯಾಯ್ತು. ಇನ್ನು ಮುಗೀತಲ್ಲ? ಮೂವತ್ತು ಕಟ್ಟು ಅಂಟು ಕೊಡು. ನಿನ್ನ ಮಗಳೂ ನಾಳೆಯಿಂದ ಬರಲಿ."

ಉಮೆಕಿಚಿ ಹಾಳೆ ತಂದು ಅಪ್ಪನ ಕೈಗೆ ಕೊಟ್ಟ. ಹೆಬ್ಬೆರಳಿತ್ತು. ಕೋತಿಗೆ ಐದು ಬೆರಳಾಗಿತ್ತು, ಅಷ್ಟೇ.

ಅಚ್ಚಿನ ಮನೆಯಲ್ಲಿ ನಾಲ್ಕಕ್ಷರ ಕಲಿತಿದ್ದ ನನ್ನನ್ನು ಅಪ್ಪ ಕೇಳಿದ. "ಇಸೋ, ಇಲ್ಲಿ ಬರೆದಿರೋದೇನವ್ವ?"

"ಚಿತ್ರಕಾರ ಹೋಸಾಯಿ."

"ಇದು?"

"ಪ್ರಕಟಿಸಿದವರು ಕುಜಿರಾಯಾ ದೆನ್ಜೋ."

"ಇವನ್ಯಾರು, ಮೂಲೆಯಾಗೆ ಕುಂತೋನು?"

"ನೀನೇ ಕಣಯ್ಯ!" ಎಂದ ದೆನ್ಜೋ. "ಹೆಬ್ಬೆರಳಿನ ಸಮೇತ ನೀನೇ!"

"ಹೌದಾ. ನಾನ್ಯಾರು?"

ಮಳೆ ಸುರಿಯುತ್ತಿತ್ತು.

"ಇಪ್ಪತ್ತು ವರ್ಷದಿಂದ ನಿಮ್ಮ ಚರಂಡಿ ತಾವ ನಿಂತಿದ್ದೀನಿ," ಎಂದ ಅಪ್ಪ. ದನಿ ಏರಲಿಲ್ಲ. "ನನ್ನ ಹೆಸರು ಹೇಳಿ. ಮೂವತ್ತಲ್ಲ, ಒಳಗಿರೋದೆಲ್ಲ ತಗಂಡೋಗಿ. ಕಾಸು ಬ್ಯಾಡ."

ದೆನ್ಜೋ ನಗಲು ನೋಡಿದ. ಯಾರೂ ನಗಲಿಲ್ಲ. "ಅದೇ... ಗೊನ್ ಅಲ್ವಾ?"

"ಅಲ್ಲ."

"ರೋಕು?"

"ಅಲ್ಲ." ದೆನ್ಜೋ ದನ ಕರೆಯುವವನಂತೆ ಬಾಯಿಗೆ ಬಂದದ್ದನ್ನೆಲ್ಲ ಕರೆಯುತ್ತಿದ್ದ. ಹಿಂದೆ ತಿರುಗಿದ. "ಉಮೆಕಿಚಿ, ಹೇಳೋ!"

"ಇಸೋ ಅವರಪ್ಪ," ಎಂದ ಉಮೆಕಿಚಿ ಮೆಲ್ಲಗೆ. "ಅಷ್ಟೇ ನನಗೆ ಗೊತ್ತಿರೋದು."

"ಅದು ಹೆಸರಲ್ಲ," ಎಂದ ಅಪ್ಪ.

ದೆನ್ಜೋನ ಬೂಟು ಕೆಸರಲ್ಲಿ ಇನ್ನಷ್ಟು ಇಳಿಯಿತು. "ಹೆಸರಂತೆ ಹೆಸರು! ನಾಲ್ಕು ಕಾಲಿನ ಜಾತಿಗೆ..." ಎಂದವನು ಬಾಯಿ ಮುಚ್ಚಿಕೊಂಡ. ಬಾಗಿಲುಗಳಲ್ಲಿದ್ದ ಹೆಂಗಸರು ಅಂಗಳಕ್ಕೆ ಇಳಿದರು. ಯಾರೂ ಕತ್ತಿ ಎತ್ತಲಿಲ್ಲ. ಸುಮ್ಮನೆ ಇಳಿದು ಮಳೆಯಲ್ಲಿ ನಿಂತರು.

ಆಗ ಉಮೆಕಿಚಿ ಕೊಡೆಯನ್ನು ಧಣಿಯ ಕೈಗೆ ತುರುಕಿ, ನಮ್ಮ ಮಾಡಿನ ಕೆಳಗೆ ಬಂದ. ಅಪ್ಪನ ಮುಂದೆ ಮೊಣಕಾಲೂರಿದ.

"ನಾನು ಯಾವತ್ತೋ ಕೇ‍ಳಬೇಕಿತ್ತು. ನಿಮ್ಮ ಹೆಸರೇನು?"

ಅಪ್ಪ ಅವನನ್ನು ನೋಡಿದ. ಆಮೇಲೆ ಮುಂದೆ ಬಾಗಿ ಹೇಳಿದ. ಮಾಡಿನ ಹುಲ್ಲಿನ ಮೇಲೆ ಮಳೆಯ ಸದ್ದು ಜೋರಾಗಿತ್ತು. ಅಂಗಳಕ್ಕೆ ಕೇಳಿಸಲಿಲ್ಲ. ಉಮೆಕಿಚಿ ತಲೆ ಬಾಗಿಸಿ, ಎದ್ದು, ಸೇತುವೆಯ ಕಡೆಗೆ ನಡೆದ.

"ಏನಂದ? ಏನಂದ ಅವನು?" ದೆನ್ಜೋ ಅವನ ತೋಳು ಹಿಡಿದ.

"ನೀವೇ ಕೇಳಿ, ಧಣಿ." ಉಮೆಕಿಚಿ ತೋಳು ಬಿಡಿಸಿಕೊಂಡು ಹೋದ.

ದೆನ್ಜೋ ಅಪ್ಪನ ಕಡೆ ತಿರುಗಿದ. ಅಪ್ಪ ಕಾದ. ಕೇರಿಯೆಲ್ಲ ಕಾಯಿತು. ಒಳಗೆ ಒಂದು ಹಂಗಾಮಿನ ಅಂಟು ಕೊಳೆಯುತ್ತಿತ್ತು. ಅವನ ಕೊಟ್ಟಿಗೆಯಲ್ಲಿ ಸಾವಿರ ಪ್ರತಿಯ ಕಾಗದ ಕೊಳೆಯುತ್ತಿತ್ತು. ಎರಡೇ ಮಾತು ಬೇಕಿತ್ತು: ನಿಮ್ಮ ಹೆಸರೇನು. ಅವನ ಬಾಯಿ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು. ನೀರಿನಿಂದ ಎತ್ತಿ ಹಾಕಿದ ಮೀನನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಅವನು ಕೇಳಲಿಲ್ಲ. ಅಷ್ಟು ಕೇಳುವ ಬದಲು ಅಂಗಡಿ ಮುಳುಗಲಿ ಎಂದು ಕೆಸರಲ್ಲಿ ಒಂದು ಬೂಟು ಬಿಟ್ಟು ಹೋದ.